500 ರೂಪಾಯಿ ಕಟ್ಟಿದರೆ ಸಿಗ್ನಲ್ ಜಂಪ್ ಅಲ್ಲಿಗೆ ಮುಗಿಯಿತಾ?

ಅರಳೀಕಟ್ಟೆ:

ಎಲ್ಲರಿಗೂ ನಮಸ್ಕಾರ. ಬೈಕ್ ನನ್ನ ಹೆಸರಿನಲ್ಲಿದೆ, ಓಡಿಸುವುದು ನನ್ನ ತಮ್ಮ. ಬೆಂಗಳೂರಿನಲ್ಲಿ ಮನೆ ಮನೆಗೆ ಊಟ ತಲುಪಿಸುವ ಕೆಲಸ ಅವನದು. ಬೆಳಗ್ಗೆ ಹತ್ತಕ್ಕೆ ಹೊರಟರೆ ವಾಪಸ್ ಬರುವುದು ರಾತ್ರಿ ಹನ್ನೊಂದಕ್ಕೆ. ಮೊನ್ನೆ ಆಪ್‌ನಲ್ಲಿ ಸುಮ್ನೆ ಗಾಡಿ ನಂಬರ್ ಹಾಕಿ ನೋಡಿದೆ. ಒಂಬತ್ತು ಕೇಸು ಬಾಕಿ. ಅದರಲ್ಲಿ ಏಳು ಸಿಗ್ನಲ್ ಜಂಪ್. ಎಲ್ಲದಕ್ಕೂ ಫೋಟೊ ಇದೆ. ಒಂದರಲ್ಲಂತೂ ಕೆಂಪು ದೀಪ, ಸ್ಟಾಪ್ ಲೈನ್, ನಮ್ಮ ನಂಬರ್ ಪ್ಲೇಟ್ ಮೂರೂ ಚೆನ್ನಾಗಿ ಕಾಣುತ್ತವೆ.

ಕೇಳಿದೆ. "ಅಣ್ಣಾ, ಒಂದಕ್ಕೆ 500. ಆಫರ್ ಬಿಟ್ಟಾಗ ಅರ್ಧ. ಕಟ್ಟಿದರೆ ಮುಗೀತು, ನೀನ್ಯಾಕೆ ತಲೆ ಕೆಡಿಸ್ಕೋತೀಯಾ" ಎಂದ. ಪೆಟ್ರೋಲ್ ಖರ್ಚು, ಪಂಕ್ಚರ್ ಖರ್ಚು, ಅದರ ಜೊತೆಗೆ ಸಿಗ್ನಲ್ ಖರ್ಚು. ಅವನ ಲೆಕ್ಕ ಅಷ್ಟೇ. ಅವನು ಕೆಟ್ಟವನಲ್ಲ. ಮನೆಗೆ ಅವನೇ ದುಡಿದು ಹಾಕುವುದು. ಆದರೆ ಆ ಏಳು ಫೋಟೊ ನೋಡಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಗೊತ್ತಿದ್ದವರು ದಯವಿಟ್ಟು ಹೇಳಿ. ದಂಡ ಕಟ್ಟಿದರೆ ನಿಜವಾಗಿಯೂ ಮುಗಿಯುತ್ತಾ? ಡಿಎಲ್‌ಗೆ ಏನಾದರೂ ಆಗುತ್ತಾ? ಗಾಡಿ ನನ್ನದು ಅಂದಮೇಲೆ ನನ್ನ ತಲೆಗೇನಾದರೂ ಬರುತ್ತಾ?

ಹಳೇ ಸ್ಕೂಟರ್:

ಅವಸರ ಮಾಡಬೇಡಿ, ಸ್ವಲ್ಪ ಕಾಯಿರಿ. 2023ರ ಫೆಬ್ರವರಿಯಲ್ಲಿ ಶೇ 50 ರಿಯಾಯಿತಿ ಕೊಟ್ಟಿದ್ದರು. ಆಗ ಬೆಂಗಳೂರು ಒನ್ ಕೇಂದ್ರದ ಮುಂದೆ ಕ್ಯೂ ನಿಂತು ನಾನೇ ಕಟ್ಟಿದ್ದೇನೆ. 2025ರಲ್ಲೂ ಆಗಸ್ಟ್ 23ರಿಂದ ಸೆಪ್ಟೆಂಬರ್ 12ರವರೆಗೆ ಕೊಟ್ಟರು. ಮತ್ತೆ ಬಂದೇ ಬರುತ್ತದೆ. ಮೂರೂವರೆ ಸಾವಿರದ ಜಾಗದಲ್ಲಿ 1,750. ಉಳಿದದ್ದು ಮನೆ ಖರ್ಚಿಗಾಯಿತು.

ನೀಲಿ ರೇನ್‌ಕೋಟ್:

ರಿಯಾಯಿತಿ ಬಗ್ಗೆ ನನಗೆ ಬೇಸರವಿದೆ. ಕಟ್ಟುನಿಟ್ಟಾಗಿ ನಿಂತು ಬರುವವರಿಗೆ ಏನೂ ಇಲ್ಲ, ಜಂಪ್ ಮಾಡಿದವರಿಗೆ ಅರ್ಧ ಬೆಲೆ. ಆದರೆ ಅದು ಬೇರೆ ಮಾತು. ಕೇಳಿದ ಪ್ರಶ್ನೆಗೆ ಕಾನೂನು ಗೊತ್ತಿದ್ದವರು ಉತ್ತರ ಕೊಡಲಿ. ನನ್ನದೂ ಒಂದು ಪ್ರಶ್ನೆ ಇದೆ, ಆಮೇಲೆ ಕೇಳುತ್ತೇನೆ.

ಕರಿಕೋಟು:

ನಾನು ವಕೀಲ. ಹೆಚ್ಚಾಗಿ ವಾಹನ ಅಪಘಾತದ ಕೇಸುಗಳನ್ನೇ ನಡೆಸುತ್ತೇನೆ. ಅರಳೀಕಟ್ಟೆಯವರೇ, ನಿಮ್ಮ ತಮ್ಮನ "ಕಟ್ಟಿದರೆ ಮುಗೀತು" ಎಂಬ ಮಾತು 2019ರವರೆಗೆ ಹೆಚ್ಚುಕಡಿಮೆ ನಿಜವಾಗಿತ್ತು. ಆ ವರ್ಷ ಸೆಪ್ಟೆಂಬರ್ 1ರಿಂದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಅವತ್ತಿನಿಂದ ಅದು ಅರ್ಧ ಸತ್ಯ.

ಸಿಗ್ನಲ್ ಜಂಪ್ ಅನ್ನು ಎರಡು ದಾರಿಯಲ್ಲಿ ಹಿಡಿಯಬಹುದು. ಮೊದಲನೆಯದು 119ನೇ ಸೆಕ್ಷನ್. ಸಂಚಾರ ಚಿಹ್ನೆ, ದೀಪಗಳನ್ನು ಪಾಲಿಸಲೇಬೇಕು ಎನ್ನುವುದು ಅದು. ಪಾಲಿಸದಿದ್ದರೆ ಬೇರೆ ಶಿಕ್ಷೆ ಹೇಳಿಲ್ಲದ ಕಡೆ 177 ಬರುತ್ತದೆ. ಮೊದಲ ಸಲ 500ರವರೆಗೆ, ಮತ್ತೆ ಮಾಡಿದರೆ 1,500ರವರೆಗೆ ದಂಡ. ಬೆಂಗಳೂರಿನಲ್ಲಿ ಕ್ಯಾಮೆರಾ ನೋಟಿಸ್‌ನಲ್ಲಿ ಕಾಣುವ 500 ಈ ದಾರಿಯದು. ಎಲ್ಲರೂ ನೋಡಿರುವುದು ಇದೊಂದನ್ನೇ.

ಎರಡನೆಯದು 184. ಅಪಾಯಕಾರಿ ಚಾಲನೆ. 2019ರ ತಿದ್ದುಪಡಿಯಲ್ಲಿ ಈ ಸೆಕ್ಷನ್‌ಗೆ ಒಂದು ವಿವರಣೆ ಸೇರಿಸಿದರು. ಯಾವ್ಯಾವುದು ಅಪಾಯಕಾರಿ ಚಾಲನೆ ಎಂದು ಹೆಸರು ಹೇಳಿ ಬರೆದರು. ಆ ಪಟ್ಟಿಯ ಮೊದಲ ಸಾಲೇ ಕೆಂಪು ದೀಪ ದಾಟುವುದು. ಒನ್ ವೇಯಲ್ಲಿ ಎದುರು ಬರುವುದು, ಗಾಡಿ ಓಡಿಸುತ್ತಾ ಫೋನ್ ಹಿಡಿಯುವುದು ಎಲ್ಲಾ ಅದರ ಕೆಳಗಿವೆ. ಶಿಕ್ಷೆ ಎಷ್ಟು ಗೊತ್ತಾ? ಮೊದಲ ಸಲಕ್ಕೆ ಆರು ತಿಂಗಳಿಗೆ ಕಡಿಮೆ ಇಲ್ಲದ, ಒಂದು ವರ್ಷದವರೆಗಿನ ಜೈಲು, ಅಥವಾ 1,000ದಿಂದ 5,000ದವರೆಗೆ ದಂಡ, ಅಥವಾ ಎರಡೂ. ಮೂರು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಎರಡು ವರ್ಷದವರೆಗೆ ಜೈಲು, ಅಥವಾ 10,000 ದಂಡ, ಅಥವಾ ಎರಡೂ.

ಏಳು ಕೇಸು ಇದ್ದವರೆಲ್ಲ ಜೈಲಿಗೆ ಹೋಗುತ್ತಾರೆ ಎಂದು ಹೆದರಿಸುತ್ತಿಲ್ಲ. ಹಾಗೆ ಆಗುವುದನ್ನು ನಾನು ನೋಡಿಲ್ಲ. ಆದರೆ ಒಂದೇ ತಪ್ಪಿಗೆ ಕಾನೂನಿನಲ್ಲಿ ಎರಡು ಬಾಗಿಲು ಇವೆ. ಇಷ್ಟು ದಿನ ಸಣ್ಣ ಬಾಗಿಲಿನಿಂದ ಹೊರಗೆ ಬಂದಿದ್ದೀರಿ, ಅಷ್ಟೇ.

ಈಗ "ಮುಗೀತು" ಅನ್ನುವ ಮಾತಿಗೆ ಬರುತ್ತೇನೆ. ಕೋರ್ಟಿಗೆ ಹೋಗದೆ ದಂಡ ಕಟ್ಟಿ ಕೇಸು ಮುಗಿಸಿಕೊಳ್ಳಲು ಅವಕಾಶ ಕೊಡುವುದು 200ನೇ ಸೆಕ್ಷನ್. ಅದಕ್ಕೂ 2019ರಲ್ಲಿ ಷರತ್ತು ಹಾಕಿದರು. ದಂಡ ಕಟ್ಟಿ ಮುಗಿಸಿಕೊಂಡರೂ ಅದನ್ನು ಹಿಂದೆ ಮಾಡಿದ ತಪ್ಪು ಎಂದೇ ಲೆಕ್ಕಕ್ಕೆ ಹಿಡಿಯಬೇಕು. ಮುಂದಿನ ಸಲ ಅದು "ಎರಡನೇ ಸಲ" ಆಗುತ್ತದೆ. ಇನ್ನೊಂದು ಷರತ್ತು ಇನ್ನೂ ಮುಖ್ಯ. ದಂಡ ಕಟ್ಟಿದ್ದೇನೆ ಎಂದು ಡಿಎಲ್ ಮೇಲಿನ ಕ್ರಮದಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಅಂದರೆ 500 ಕಟ್ಟಿದ ರಸೀದಿಯಿಂದ ಹಣದ ಬಾಕಿ ತೀರುತ್ತದೆ, ಹೆಸರಿನ ಮುಂದಿನ ಲೆಕ್ಕ ಹಾಗೇ ಉಳಿಯುತ್ತದೆ.

ಅರಳೀಕಟ್ಟೆ:

ಸರ್, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಡಿಎಲ್ ಮೇಲೆ ಕ್ರಮ ಅಂದಿರಲ್ಲ, ಅದು ಹೇಗೆ ಶುರುವಾಗುತ್ತದೆ? ಅವನ ಅನ್ನವೇ ಆ ಕಾರ್ಡಿನಲ್ಲಿದೆ.

ಕರಿಕೋಟು:

206ನೇ ಸೆಕ್ಷನ್‌ನ 4ನೇ ಉಪವಿಭಾಗ ನೋಡಿ. 184ರಂಥ ಕೆಲವು ತಪ್ಪು ಮಾಡಿದ್ದಾನೆ ಎಂದು ನಂಬಲು ಕಾರಣವಿದ್ದರೆ ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಬೇಕು. ಆಗ ಒಂದು ತಾತ್ಕಾಲಿಕ ಚೀಟಿ ಕೊಡುತ್ತಾರೆ. ಆ ಚೀಟಿ ಇದೆ ಎಂದು ಗಾಡಿ ಓಡಿಸುವ ಹಾಗಿಲ್ಲ. ಅದು ಬರೀ ರಸೀದಿ. ತುಂಬಾ ಜನ ಇಲ್ಲೇ ಎಡವುತ್ತಾರೆ.

ಆಮೇಲೆ ಆರ್‌ಟಿಒದವರು 19ನೇ ಸೆಕ್ಷನ್ ಪ್ರಕಾರ ವಿಚಾರಣೆ ಮಾಡುತ್ತಾರೆ. ನಿಮ್ಮ ಮಾತು ಕೇಳದೆ ಆದೇಶ ಮಾಡುವಂತಿಲ್ಲ. ಮೊದಲ ಸಲವಾದರೆ ಮೂರು ತಿಂಗಳು ಡಿಎಲ್ ಅಮಾನತು. ಎರಡನೇ ಸಲವಾದರೆ ರದ್ದು ಮಾಡುವವರೆಗೂ ಹೋಗಬಹುದು. ಆದೇಶ ಒಪ್ಪಿಗೆ ಇಲ್ಲದಿದ್ದರೆ ಅದು ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬೇಕು. ಅಮಾನತು ಇದ್ದಾಗ ಓಡಿಸಿ ಸಿಕ್ಕಿಬಿದ್ದರೆ 182ನೇ ಸೆಕ್ಷನ್. ಮೂರು ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ.

ಈ ಮೂರು ತಿಂಗಳ ಮಾತು 2019ರಲ್ಲೇ ಹುಟ್ಟಿದ್ದಲ್ಲ. ಸುಪ್ರೀಂ ಕೋರ್ಟ್ ರಸ್ತೆ ಸುರಕ್ಷತೆಗೆ ಒಂದು ಸಮಿತಿ ಮಾಡಿತ್ತು. ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅದರ ಅಧ್ಯಕ್ಷರು. ಅತಿ ವೇಗ, ಕುಡಿದು ಓಡಿಸುವುದು, ಫೋನ್ ಹಿಡಿಯುವುದು, ಕೆಂಪು ದೀಪ ದಾಟುವುದು ಇಂಥ ತಪ್ಪುಗಳಿಗೆ ಕನಿಷ್ಠ ಮೂರು ತಿಂಗಳು ಡಿಎಲ್ ಅಮಾನತು ಮಾಡಿ ಎಂದು ಆ ಸಮಿತಿ 2015ರಲ್ಲೇ ರಾಜ್ಯಗಳಿಗೆ ಹೇಳಿತ್ತು.

ನಿಮ್ಮ ತಮ್ಮನಿಗೆ ಈ ಲೆಕ್ಕ ಹೇಳಿ. ಮೂರು ತಿಂಗಳ ದುಡಿಮೆ ಎಷ್ಟಾಗುತ್ತದೆ? ಏಳು ಸಲ ಸಿಗ್ನಲ್‌ನಲ್ಲಿ ಉಳಿಸಿದ ಸಮಯ ಎಷ್ಟು ನಿಮಿಷ?

ಎರಡು ಚಕ್ರ:

ನಾನೂ ಅದೇ ಕೆಲಸ ಮಾಡುವವನು, ನಾಲ್ಕು ವರ್ಷದಿಂದ. ಸರ್ ಹೇಳಿದ ಲೆಕ್ಕ ಸರಿ ಇದೆ. ನಮ್ಮ ಕಡೆಯದನ್ನೂ ಒಂದು ಸಲ ಕೇಳಿ.

ಆರ್ಡರ್ ತಗೊಂಡ ತಕ್ಷಣ ಫೋನ್‌ನಲ್ಲಿ ನಿಮಿಷ ಓಡಲು ಶುರುವಾಗುತ್ತದೆ. ಹೋಟೆಲ್‌ನಲ್ಲಿ ಹದಿನೈದು ನಿಮಿಷ ತಡವಾದರೂ ಬಾಗಿಲು ತೆಗೆಯುವವರು ಬೈಯುವುದು ನಮಗೆ. ಒಂದು ದೊಡ್ಡ ಜಂಕ್ಷನ್‌ನಲ್ಲಿ ಎರಡೆರಡು ಸಲ ಕೆಂಪು ಬಿದ್ದರೆ ಐದು ನಿಮಿಷ ಹೋಯಿತು. ರಾತ್ರಿ ಹತ್ತಕ್ಕೆ ರಸ್ತೆ ಖಾಲಿ ಇದ್ದಾಗ ಕೈ ತಾನಾಗಿಯೇ ಆಕ್ಸಿಲರೇಟರ್ ತಿರುಗಿಸುತ್ತದೆ. ನಾನೂ ಮಾಡಿದ್ದೇನೆ. ಸುಳ್ಳು ಹೇಳುವುದಿಲ್ಲ. ದಂಡ ಬಂದರೆ ನಮ್ಮ ಜೇಬಿನಿಂದಲೇ. ಕಂಪನಿಯವರು ಒಂದು ಪೈಸೆ ಕೊಡುವುದಿಲ್ಲ.

ಕೆಲವು ಹುಡುಗರು ನಂಬರ್ ಪ್ಲೇಟ್‌ನ ಒಂದು ಅಂಕಿಗೆ ಟೇಪ್ ಅಂಟಿಸುತ್ತಾರೆ. ಕೆಲವರು ಪ್ಲೇಟ್ ಮೇಲಕ್ಕೆ ಬಗ್ಗಿಸುತ್ತಾರೆ. ಇನ್ನು ಕೆಲವರು ನಂಬರ್ ಪ್ಲೇಟೇ ಬೇಡದ ಸಣ್ಣ ಎಲೆಕ್ಟ್ರಿಕ್ ಸ್ಕೂಟರ್ ಬಾಡಿಗೆಗೆ ತಗೊಂಡಿದ್ದಾರೆ. "ಅದಕ್ಕೆ ಸಿಗ್ನಲ್ ಕೇಸೇ ಬೀಳಲ್ಲ" ಅನ್ನುತ್ತಾರೆ. ಅದು ನಿಜವಾ ಸರ್? ಇನ್ನೊಂದು, ಪೊಲೀಸ್ ಗಾಡಿಯೇ ಸುಮ್ನೆ ಕೆಂಪು ದಾಟಿ ಹೋಗುವುದನ್ನು ನೋಡಿದ್ದೇನೆ. ಅವರಿಗೆ ಕಾನೂನು ಇಲ್ವಾ?

ಕರಿಕೋಟು:

ಎರಡು ಚಕ್ರ, ನೀವು ಮುಚ್ಚುಮರೆ ಇಲ್ಲದೆ ಬರೆದಿದ್ದೀರಿ. ಅದಕ್ಕೆ ನಾನೂ ಹಾಗೇ ಉತ್ತರಿಸುತ್ತೇನೆ.

ಟೇಪ್ ವಿಚಾರ ಮೊದಲು. ಅದನ್ನು ಇವತ್ತೇ ಕಿತ್ತು ಹಾಕಲು ಹೇಳಿ. ಸಿಗ್ನಲ್ ಜಂಪ್ 500ರ ವಿಷಯ. ಬೇಕೆಂದೇ ನಂಬರ್ ಮರೆಮಾಡುವುದು ವಂಚನೆಯ ಮಾತಾಗುತ್ತದೆ. ಅದಕ್ಕೆ ಎಫ್‌ಐಆರ್ ಹಾಕಬಹುದು. ಇಪ್ಪತ್ತೆರಡು ವರ್ಷದ ಹುಡುಗನ ಹೆಸರಿನಲ್ಲಿ ಕ್ರಿಮಿನಲ್ ಕೇಸು ಇದ್ದರೆ ಪಾಸ್‌ಪೋರ್ಟ್‌ಗೆ, ಕೆಲಸದ ಪೊಲೀಸ್ ವೆರಿಫಿಕೇಷನ್‌ಗೆ ಎಲ್ಲಾ ಕಡೆ ಅದು ಎದ್ದು ಬರುತ್ತದೆ.

ಸಣ್ಣ ಸ್ಕೂಟರ್. ಮೋಟಾರ್ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ, ಗರಿಷ್ಠ ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಕೇಂದ್ರ ನಿಯಮದ ಪ್ರಕಾರ ಅದು ಮೋಟಾರು ವಾಹನದ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೇ ನೋಂದಣಿ ಇಲ್ಲ, ಡಿಎಲ್ ಬೇಡ. ಇಲ್ಲಿಯವರೆಗೆ ಹುಡುಗರು ಹೇಳಿದ್ದು ಸರಿ. ಆದರೆ ಭಾರತೀಯ ನ್ಯಾಯ ಸಂಹಿತೆ ಇದೆಯಲ್ಲ. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದದ್ದು. ಅದರ 281ನೇ ಸೆಕ್ಷನ್ "ಯಾವುದೇ ವಾಹನ" ಎನ್ನುತ್ತದೆ. ಮೋಟಾರು ವಾಹನ ಎಂದು ಹೇಳಿಲ್ಲ. ಸಾರ್ವಜನಿಕ ರಸ್ತೆಯಲ್ಲಿ ಬೇರೆಯವರ ಜೀವಕ್ಕೆ ಅಪಾಯ ಆಗುವ ಹಾಗೆ ನುಗ್ಗಿಸಿದರೆ ಆರು ತಿಂಗಳವರೆಗೆ ಜೈಲು ಅಥವಾ 1,000ದವರೆಗೆ ದಂಡ ಅಥವಾ ಎರಡೂ. ಸೈಕಲ್ ತುಳಿಯುವವರಿಗೂ ಇದು ಅನ್ವಯ. ಜೊತೆಗೆ, ಮಾರುವಾಗ 25 ಕಿ.ಮೀ. ಎಂದು ಹೇಳಿ ಆಮೇಲೆ ವೇಗದ ಮಿತಿ ತೆಗೆಸಿದ ಸ್ಕೂಟರ್‌ಗೆ ಈ ವಿನಾಯಿತಿ ಇಲ್ಲ. ಅದು ನೋಂದಣಿ ಇಲ್ಲದ, ವಿಮೆ ಇಲ್ಲದ ವಾಹನವಾಗುತ್ತದೆ.

ಪೊಲೀಸ್ ಗಾಡಿಗೂ ಕಾನೂನು ಇದೆ. ಕಾಯ್ದೆ ಜಾರಿ ಮಾಡುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು ಎಂದು 210ಬಿ ಹೇಳುತ್ತದೆ. ನೀವು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಸಮಯದ ಒತ್ತಡದ ಬಗ್ಗೆ ನೀವು ಹೇಳಿದ್ದನ್ನು ನಾನು ಒಪ್ಪುತ್ತೇನೆ. ಆದರೆ ಕೋರ್ಟಿನಲ್ಲಿ ಆ ಮಾತು ನಿಲ್ಲುವುದಿಲ್ಲ. ಕಟಕಟೆಯಲ್ಲಿ ನಿಲ್ಲುವುದು ಹ್ಯಾಂಡಲ್ ಹಿಡಿದವನು.

ನೀಲಿ ರೇನ್‌ಕೋಟ್:

ಈಗ ನನ್ನ ಪ್ರಶ್ನೆ. ಹೋದ ತಿಂಗಳು ಸಿಗ್ನಲ್‌ನಲ್ಲಿ ಮೊದಲ ಸಾಲಿನಲ್ಲಿ ನಿಂತಿದ್ದೆ. ಹಿಂದಿನಿಂದ ಆಂಬುಲೆನ್ಸ್ ಸೈರನ್. ಪಕ್ಕದಲ್ಲಿ ಜಾಗವೇ ಇರಲಿಲ್ಲ. ಕೆಂಪು ಇದ್ದರೂ ಸ್ಟಾಪ್ ಲೈನ್ ದಾಟಿ ಎಡಕ್ಕೆ ಸರಿದು ದಾರಿ ಬಿಟ್ಟೆ. ವಾರದ ಮೇಲೆ ನೋಟಿಸ್ ಬಂತು. 500ಕ್ಕಿಂತ ಹೆಚ್ಚಾಗಿ ಮನಸ್ಸಿಗೆ ನೋವಾಯಿತು.

ಕರಿಕೋಟು:

ನೀವು ಮಾಡಿದ್ದು ಸರಿ. ತುರ್ತು ವಾಹನಕ್ಕೆ ದಾರಿ ಬಿಡದಿದ್ದರೆ 194ಇ ಸೆಕ್ಷನ್ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಆದ್ದರಿಂದ ಸುಮ್ಮನೆ ದಂಡ ಕಟ್ಟಬೇಡಿ, ಆಕ್ಷೇಪಣೆ ಹಾಕಿ. ಸಂಚಾರ ಪೊಲೀಸರ ಆಪ್‌ನಲ್ಲಿ ದೂರು ಕೊಡಿ, ಇಲ್ಲವೇ ಇನ್‌ಫೆಂಟ್ರಿ ರಸ್ತೆಯ ಸಂಚಾರ ನಿರ್ವಹಣಾ ಕೇಂದ್ರಕ್ಕೆ ನೋಟಿಸ್ ಹಿಡಿದು ಹೋಗಿ. ದಿನ, ಸಮಯ, ಜಂಕ್ಷನ್ ಹೆಸರು ಹೇಳಿ ವಿಡಿಯೊ ನೋಡಲು ಕೇಳಿ. ಕ್ಯಾಮೆರಾ ಕೇಸುಗಳಿಗೆ 2021ರಲ್ಲಿ 167ಎ ಎಂಬ ನಿಯಮ ಬಂದಿದೆ. ತಪ್ಪಾದ ದಿನದಿಂದ 15 ದಿನದೊಳಗೆ ನೋಟಿಸ್ ಕಳಿಸಬೇಕು. ಕೇಸು ಮುಗಿಯುವವರೆಗೆ ಆ ದಾಖಲೆ ಉಳಿಸಬೇಕು. ಆಂಬುಲೆನ್ಸ್ ಹಾದುಹೋಗಿದ್ದು ಅದರಲ್ಲಿ ಇದ್ದೇ ಇರುತ್ತದೆ.

ಹೀಗೇ ಕೆಲವರು ಫ್ರೀ ಲೆಫ್ಟ್ ಎಲ್ಲಾ ಕಡೆ ಇದೆ ಎಂದುಕೊಂಡಿದ್ದಾರೆ. ಇಲ್ಲ. ಬೋರ್ಡ್ ಅಥವಾ ಎಡಕ್ಕೆ ಹಸಿರು ಬಾಣ ಇದ್ದರೆ ಮಾತ್ರ. ಅದಿಲ್ಲದ ಕಡೆ ಎಡಕ್ಕೆ ತಿರುಗಿದರೂ ಅದು ಸಿಗ್ನಲ್ ಜಂಪ್.

ಹಳೇ ಸ್ಕೂಟರ್:

ವಕೀಲರು ಇದ್ದಾರೆ ಎಂದು ನಾನೂ ಒಂದು ಕೇಳಿಬಿಡುತ್ತೇನೆ. ಮೂರು ವರ್ಷದ ಹಿಂದೆ ಸ್ಕೂಟರ್ ಮಾರಿದೆ. ತಗೊಂಡ ಹುಡುಗನಿಗೆ ಸಹಿ ಹಾಕಿದ ಫಾರಂ ಕೊಟ್ಟೆ, ಅವನು ಆರ್‌ಟಿಒಗೆ ಹೋಗಲೇ ಇಲ್ಲ. ಈಗಲೂ ಸಿಗ್ನಲ್ ಜಂಪ್ ಮೆಸೇಜ್ ನನ್ನ ಫೋನಿಗೇ ಬರುತ್ತದೆ. ಅವನ ನಂಬರ್ ಸ್ವಿಚ್ ಆಫ್.

ಕರಿಕೋಟು:

ಹಿರಿಯರೇ, ನಿಮ್ಮದು ಅರಳೀಕಟ್ಟೆಯವರ ಮೂರನೇ ಪ್ರಶ್ನೆಗೂ ಉತ್ತರ ಕೊಡುತ್ತದೆ. ನೋಟಿಸ್ ಹೋಗುವುದು ಆರ್‌ಸಿಯಲ್ಲಿ ಹೆಸರಿದ್ದವರಿಗೆ. ಓಡಿಸಿದವರು ಯಾರು ಎಂದು ಪೊಲೀಸರು ಕೇಳಿದರೆ ಮಾಲೀಕರು ಹೇಳಲೇಬೇಕು ಎಂದು 133ನೇ ಸೆಕ್ಷನ್ ಇದೆ. ಸಿಗ್ನಲ್ ಜಂಪ್‌ಗೆ ಇದು ಇಷ್ಟರಲ್ಲೇ ತೀರುತ್ತದೆ. ಅಪಘಾತವಾದರೆ ಕಥೆಯೇ ಬೇರೆ. 2018ರಲ್ಲಿ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಗಾಡಿ ಕೈ ಬದಲಾಗಿದ್ದರೂ ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರಕ್ಕೆ ಅವರೇ ಹೊಣೆ. ಆ ಪ್ರಕರಣದಲ್ಲಿ ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆದರೂ ಮೊದಲು ಮಾರಿದವರ ತಲೆಗೇ ಬಂತು.

ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂದು 50ನೇ ಸೆಕ್ಷನ್ ಹೇಳುತ್ತದೆ. ತಡವಾಗಿದೆ, ಆದರೂ ನಾಳೆಯೇ ಹೋಗಿ. ಮಾರಾಟದ ಚೀಟಿ, ಅವನ ಆಧಾರ್ ನಕಲು, ಹಣ ಬಂದ ಬ್ಯಾಂಕ್ ದಾಖಲೆ ಏನಿದೆಯೋ ಅದೆಲ್ಲ ಹಿಡಿದು ಹೋಗಿ. ಠಾಣೆಗೂ ಒಂದು ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಇದನ್ನು ಮುಂದೂಡಬೇಡಿ.

ಬೆಳಗಿನ ಬಸ್ಸು:

ಇಷ್ಟು ಹೊತ್ತು ಓದುತ್ತಿದ್ದೆ. ಬರೆಯಬೇಕೋ ಬೇಡವೋ ಎಂದು ಯೋಚಿಸಿ ಈಗ ಬರೆಯುತ್ತಿದ್ದೇನೆ.

2024ರ ಆಗಸ್ಟ್. ಬೆಳಗ್ಗೆ ಆರೂಕಾಲು. ನಮ್ಮ ತಂದೆ ವಾಕಿಂಗ್ ಮುಗಿಸಿ ಬರುತ್ತಿದ್ದರು. ಜೀಬ್ರಾ ಕ್ರಾಸಿಂಗ್, ನಡೆಯುವವರಿಗೆ ಹಸಿರು ಬಿದ್ದಿತ್ತು. ಅರ್ಧ ದಾಟಿದ್ದರು. ರಸ್ತೆ ಖಾಲಿ. ಖಾಲಿ ಇದೆ ಎಂದೇ ಆ ಹುಡುಗ ಕೆಂಪು ಇದ್ದರೂ ನಿಲ್ಲಿಸಲಿಲ್ಲ. ಅವನಿಗೆ ಇಪ್ಪತ್ತೆರಡು ವರ್ಷ. ಅವನು ಓಡಿಹೋಗಲಿಲ್ಲ, ಅದನ್ನು ಹೇಳಲೇಬೇಕು. ಆಟೊ ನಿಲ್ಲಿಸಿ ತಂದೆಯನ್ನು ಆಸ್ಪತ್ರೆಗೆ ಸೇರಿಸಿದವನು ಅವನೇ. ಅವರ ಫೋನಿನಿಂದ ನನಗೆ ಕರೆ ಮಾಡಿ "ಅಕ್ಕಾ" ಎಂದವನು ಮುಂದೆ ಮಾತಾಡಲು ಆಗದೆ ಅತ್ತುಬಿಟ್ಟ.

ಸೊಂಟದ ಮೂಳೆ ಮುರಿದಿತ್ತು. ಎರಡು ಆಪರೇಷನ್. ಈಗ ವಾಕರ್ ಹಿಡಿದು ಮನೆಯೊಳಗೆ ನಡೆಯುತ್ತಾರೆ. ಬೀದಿಗೆ ಇಳಿಯುವುದಿಲ್ಲ. ಹಾರ್ನ್ ಕೇಳಿದರೆ ಕೈ ನಡುಗುತ್ತದೆ.

ಹುಡುಗನ ಮೇಲೆ ನ್ಯಾಯ ಸಂಹಿತೆಯ 281 ಮತ್ತು 125(ಬಿ) ಹಾಕಿದರು. ಕೇಸು ಇನ್ನೂ ನಡೆಯುತ್ತಿದೆ. ಪರಿಹಾರಕ್ಕೆ ನಾವು ಟ್ರಿಬ್ಯುನಲ್‌ಗೆ ಹೋದೆವು. ಅಲ್ಲಿ ಗೊತ್ತಾಯಿತು, ಗಾಡಿಗೆ ಇನ್ಶೂರೆನ್ಸ್ ಇರಲಿಲ್ಲ. ಮುಗಿದು ಐದು ತಿಂಗಳಾಗಿತ್ತು. ಗಾಡಿ ಅವನ ತಾಯಿಯ ಹೆಸರಿನಲ್ಲಿ. ಎಂಟು ಲಕ್ಷ ಚಿಲ್ಲರೆ ಕೊಡಬೇಕು ಎಂದು ಆದೇಶವಾಗಿದೆ. ಆ ತಾಯಿ ಮನೆಗೆಲಸ ಮಾಡುವವರು. ಪ್ರತಿ ತಾರೀಖಿಗೂ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡು ಬರುತ್ತಿದ್ದರು. ನಮಗೆ ಆಸ್ಪತ್ರೆ ಸಾಲ ಇದೆ. ಅವರಿಗೆ ಕೊಡಲು ಏನೂ ಇಲ್ಲ. ಆ ಬೆಂಚಿನ ಮೇಲೆ ಪಕ್ಕಪಕ್ಕ ಕೂತು ಏನು ಮಾತಾಡಬೇಕೋ ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ.

ಆ ಹುಡುಗನಿಗೂ ಅದಕ್ಕೆ ಮೊದಲು ಸಿಗ್ನಲ್ ಜಂಪ್ ನೋಟಿಸ್‌ಗಳು ಬಂದಿದ್ದವು. ಎಲ್ಲಾ ಕಟ್ಟಿದ್ದನಂತೆ.

ಎರಡು ಚಕ್ರ:

ಅಕ್ಕಾ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಅಪ್ಪಾಜಿ ಹುಷಾರಾಗಲಿ.

ಕರಿಕೋಟು:

ಮೇಡಂ, ನಿಮ್ಮ ತಂದೆಯವರು ಬೇಗ ಚೇತರಿಸಿಕೊಳ್ಳಲಿ. ನೀವು ಬರೆದದ್ದು ನಾನು ಬರೆದ ಸೆಕ್ಷನ್‌ಗಳಿಗಿಂತ ಹೆಚ್ಚು ಜನರಿಗೆ ತಟ್ಟುತ್ತದೆ.

ಓದುವವರಿಗೆ ಇದರ ಹಿಂದಿನ ಕಾನೂನು ಇಷ್ಟು. ನಿರ್ಲಕ್ಷ್ಯದಿಂದ ಗಂಭೀರ ಗಾಯವಾದರೆ 125(ಬಿ), ಮೂರು ವರ್ಷದವರೆಗೆ ಜೈಲು ಅಥವಾ 10,000ದವರೆಗೆ ದಂಡ ಅಥವಾ ಎರಡೂ. ಜೀವ ಹೋದರೆ 106(1), ಐದು ವರ್ಷದವರೆಗೆ ಜೈಲು ಮತ್ತು ದಂಡ. ಹಳೇ ಐಪಿಸಿಯ 304ಎ ಸೆಕ್ಷನ್‌ನಲ್ಲಿ ಇದು ಎರಡು ವರ್ಷವಿತ್ತು. ಸಿಗ್ನಲ್ ಇರುವ ಕಡೆ ಅಪಘಾತವಾದರೆ "ನಿರ್ಲಕ್ಷ್ಯ ಯಾರದು" ಎಂಬ ಪ್ರಶ್ನೆಗೆ ದೀಪದ ಬಣ್ಣವೇ ದೊಡ್ಡ ಸಾಕ್ಷಿ. ಬೆಂಗಳೂರಿನಲ್ಲಿ 2022ರ ಡಿಸೆಂಬರ್‌ನಿಂದ 50 ಜಂಕ್ಷನ್‌ಗಳಲ್ಲಿ ನಂಬರ್ ಓದುವ 250 ಕ್ಯಾಮೆರಾ, ಕೆಂಪು ದೀಪ ದಾಟುವುದನ್ನು ಹಿಡಿಯುವ 80 ಕ್ಯಾಮೆರಾ ಹಾಕಿದರು. 500ರ ನೋಟಿಸ್ ಕಳಿಸುವ ಅದೇ ಕ್ಯಾಮೆರಾದ ಚಿತ್ರ ನಾಳೆ ಚಾರ್ಜ್‌ಶೀಟ್ ಜೊತೆಗೂ ಬರಬಹುದು.

ಇದು ಸವಾರನಿಗೇ ಪೆಟ್ಟಾದಾಗಲೂ ಕಾಡುತ್ತದೆ. ಕೆಂಪು ದಾಟಿ ಹೋಗಿ ಕಾರಿಗೆ ಡಿಕ್ಕಿಯಾಗಿ ಕಾಲು ಮುರಿದವನು ಪರಿಹಾರ ಕೇಳಿದರೆ, ನಿನ್ನ ತಪ್ಪೂ ಇದೆ ಎಂದು ಟ್ರಿಬ್ಯುನಲ್ ಅಷ್ಟು ಭಾಗ ಕಳೆಯುತ್ತದೆ. ಪೂರ್ತಿ ಅವನದೇ ತಪ್ಪಾದರೆ ಕಾರಿನ ಕಡೆಯಿಂದ ಅಷ್ಟೂ ಸಿಗದೇ ಹೋಗಬಹುದು. ಅರ್ಜಿ ಹಾಕಲು ಅಪಘಾತದ ದಿನದಿಂದ ಆರು ತಿಂಗಳು ಎಂದು ಮೋಟಾರು ವಾಹನ ಕಾಯ್ದೆಯ 166(3) ಹೇಳುತ್ತದೆ. ಆಸ್ಪತ್ರೆ ಓಡಾಟದಲ್ಲಿ ಈ ದಿನಾಂಕ ತುಂಬಾ ಜನರ ಕೈತಪ್ಪುತ್ತದೆ.

ಇನ್ನು ಇನ್ಶೂರೆನ್ಸ್. ಇದನ್ನು ಎಲ್ಲರೂ ದಯವಿಟ್ಟು ಇವತ್ತೇ ನೋಡಿಕೊಳ್ಳಿ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕ್ ತಗೊಂಡರೆ ಐದು ವರ್ಷದ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಶೋರೂಮಿನಲ್ಲೇ ಮಾಡಿಸಬೇಕು. ಐದು ವರ್ಷ ಯಾರೂ ಅದರ ಕಡೆ ನೋಡುವುದಿಲ್ಲ. ಆರನೇ ವರ್ಷ ಮರೆತೇ ಹೋಗಿರುತ್ತದೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ 196ರ ಪ್ರಕಾರ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಅಪಘಾತವಾದರೆ ಪರಿಹಾರ ಓಡಿಸಿದವನ ಮತ್ತು ಮಾಲೀಕನ ಮನೆಯಿಂದಲೇ ಹೋಗಬೇಕು. ಮನೆ, ಜಮೀನು, ಸಂಬಳ ಎಲ್ಲದರ ಮೇಲೂ ವಸೂಲಿ ಬರಬಹುದು. ಡಿಎಲ್ ಅಮಾನತು ಇದ್ದಾಗ ಓಡಿಸಿ ಅಪಘಾತವಾದರೆ ಇನ್ನೊಂದು ತೊಂದರೆ. ವಿಮೆ ಇದ್ದರೂ ಕಂಪನಿ ಗಾಯಾಳುವಿಗೆ ಕೊಟ್ಟು, ಆಮೇಲೆ ಅಷ್ಟನ್ನೂ ಮಾಲೀಕನಿಂದ ವಾಪಸ್ ಕೇಳಬಹುದು.

ತುಂಗಾತೀರ:

ನಾನು ಶಿವಮೊಗ್ಗದವಳು. ಮಗನಿಗೆ ಹದಿನೇಳು. ಟ್ಯೂಷನ್‌ಗೆ ನನ್ನ ಸ್ಕೂಟಿ ತಗೊಂಡು ಹೋಗುತ್ತಾನೆ. ನಿಧಾನವಾಗಿಯೇ ಓಡಿಸುತ್ತಾನೆ, ಆದರೆ ಗೆಳೆಯರ ಜೊತೆ ಇದ್ದಾಗ ಸಿಗ್ನಲ್ ನೋಡುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಇದನ್ನೆಲ್ಲ ಓದಿ ಎದೆ ಡವಡವ ಅನ್ನುತ್ತಿದೆ.

ಕರಿಕೋಟು:

ಕೀಲಿ ಇವತ್ತೇ ಎತ್ತಿಡಿ ಮೇಡಂ. 199ಎ ಸೆಕ್ಷನ್ ಪ್ರಕಾರ 18 ತುಂಬದವರು ಓಡಿಸಿ ತಪ್ಪು ಮಾಡಿದರೆ ತಪ್ಪಿತಸ್ಥರು ಪೋಷಕರು ಅಥವಾ ಗಾಡಿ ಮಾಲೀಕರು. ಮೂರು ವರ್ಷದವರೆಗೆ ಜೈಲು, ಜೊತೆಗೆ 25,000 ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಎಲ್‌ಎಲ್ (ಕಲಿಕಾ ಲೈಸೆನ್ಸ್) ಕೂಡ ಸಿಗುವುದಿಲ್ಲ. ಇನ್ನೊಂದು ವರ್ಷ ಬಸ್ಸಿನಲ್ಲೋ ಸೈಕಲ್‌ನಲ್ಲೋ ಹೋಗಲಿ.

ನೀಲಿ ರೇನ್‌ಕೋಟ್:

ಒಂದು ಎಚ್ಚರಿಕೆ. ಸಿಗ್ನಲ್ ಜಂಪ್ ಚಲನ್ ಎಂದು ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಬಂದರೆ ಒತ್ತಬೇಡಿ. ನನ್ನ ಸಹೋದ್ಯೋಗಿ ಒತ್ತಿ ಬ್ಯಾಂಕಿನ ದುಡ್ಡು ಕಳೆದುಕೊಂಡರು. ಅನುಮಾನ ಬಂದರೆ ಪೊಲೀಸರ ಆಪ್ ಅಥವಾ ಪರಿವಾಹನ್ ಜಾಲತಾಣವನ್ನು ನೀವೇ ತೆರೆದು ಗಾಡಿ ನಂಬರ್ ಹಾಕಿ ನೋಡಿ. ಆಂಬುಲೆನ್ಸ್ ವಿಷಯಕ್ಕೆ ದೂರು ಕೊಟ್ಟಿದ್ದೇನೆ ಸರ್. ಏನಾಯಿತು ಎಂದು ಇಲ್ಲೇ ತಿಳಿಸುತ್ತೇನೆ.

ಅರಳೀಕಟ್ಟೆ:

ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ.

ಬೆಳಗಿನ ಬಸ್ಸು ಮೇಡಂ, ನೀವು ಬರೆದದ್ದನ್ನು ಓದಿದ ತಕ್ಷಣ ಎದ್ದು ಬೀರು ತೆಗೆದೆ. ಬೈಕ್ ತಗೊಂಡದ್ದು 2019ರ ದಸರಾಕ್ಕೆ. ಇನ್ಶೂರೆನ್ಸ್ ಐದು ವರ್ಷದ್ದು. 2024ರ ಅಕ್ಟೋಬರ್‌ಗೆ ಮುಗಿದಿದೆ. ಅವತ್ತಿನಿಂದ ಇವತ್ತಿನವರೆಗೆ ದಿನಕ್ಕೆ ಹನ್ನೆರಡು ಗಂಟೆ ಆ ಗಾಡಿ ಈ ಊರಿನಲ್ಲಿ ಹಾಗೇ ಓಡಿದೆ, ನನ್ನ ಹೆಸರಿನಲ್ಲಿ. ತಮ್ಮನನ್ನು ಬೈಯಲು ಕೂತಿದ್ದ ನನಗೇ ಇದು ಗೊತ್ತಿರಲಿಲ್ಲ. ಆ ರಾತ್ರಿಯೇ ಆನ್‌ಲೈನ್‌ನಲ್ಲಿ ಥರ್ಡ್ ಪಾರ್ಟಿ ಮಾಡಿಸಿದೆ. ಡೆಲಿವರಿ ಕೆಲಸಕ್ಕೆ ಓಡಿಸಿದರೆ ಈ ಪಾಲಿಸಿ ನಡೆಯುತ್ತದೋ ಇಲ್ಲವೋ ಎಂದು ಏಜೆಂಟರನ್ನು ನಾಳೆ ಕೇಳುತ್ತೇನೆ.

ಒಂಬತ್ತು ಕೇಸಿನ ಹಣವನ್ನೂ ಕಟ್ಟಿಬಿಟ್ಟೆವು. ರಿಯಾಯಿತಿಗೆ ಕಾಯಲಿಲ್ಲ. ಹಿರಿಯರು ಬೇಸರ ಮಾಡಿಕೊಳ್ಳಬಾರದು.

ತಮ್ಮನಿಗೆ ಸೆಕ್ಷನ್ ಎಲ್ಲಾ ಹೇಳಿದೆ. ಡಿಎಲ್ ಮಾತಿಗೆ ಸ್ವಲ್ಪ ಕಿವಿಗೊಟ್ಟ. ಜೈಲಿನ ಮಾತಿಗೆ "ಯಾರಿಗೂ ಆಗಿಲ್ಲ ಬಿಡಣ್ಣ" ಎಂದ. ಆಮೇಲೆ ಫೋನ್ ಕೊಟ್ಟು ನಿಮ್ಮ ಬರಹ ಓದು ಎಂದೆ. ಓದಿದ. ಆ ಏಳು ಫೋಟೊ ಇನ್ನೊಂದು ಸಲ ತೋರಿಸು ಎಂದ. ಒಂದೊಂದನ್ನೂ ದೊಡ್ಡದು ಮಾಡಿ ನೋಡಿದ. ಮೂರನೆಯದರಲ್ಲಿ ಬಲಗಡೆ ಮೂಲೆಯಲ್ಲಿ ಒಬ್ಬ ಹೆಂಗಸು, ಕೈಯಲ್ಲಿ ಮಗು, ರಸ್ತೆಗೆ ಒಂದು ಕಾಲು ಇಟ್ಟಿದ್ದಾರೆ. "ಇವರನ್ನು ನಾನು ನೋಡೇ ಇಲ್ಲ ಅಣ್ಣಾ" ಎಂದ. ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ. ನಂಬರ್ ಪ್ಲೇಟ್ ಮಾತ್ರ ನೋಡಿದ್ದೆ.

ಬೆಳಗಿನ ಬಸ್ಸು:

ಆ ಫೋಟೊ ಅಳಿಸಬೇಡಿ, ಇಟ್ಟುಕೊಳ್ಳಿ. ನಿಮ್ಮ ತಮ್ಮ ಹುಷಾರಾಗಿ ಮನೆಗೆ ಬರಲಿ.

ನಿನ್ನೆ ತಂದೆ ಗೇಟಿನವರೆಗೆ ನಡೆದರು.